ಬಿಗೈಲ್ ಅಂದ್ರೆ ಮೋಸಾನಾ, ಮೋಡಿನಾ?

ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕ. ವೆನಿಸ್ ನಗರ. ನಡುರಾತ್ರಿ. ತುರ್ಕರ ಹಡಗುಗಳು ಸೈಪ್ರಸ್ ಕಡೆ ಹೊರಟಿವೆ ಅಂತ ಸುದ್ದಿ ಬಂದು ಡ್ಯೂಕ್, ಮಂತ್ರಿ, ಹಿರಿಯರೆಲ್ಲ ತರಾತುರಿಯಲ್ಲಿ ಸಭೆ ಸೇರಿದ್ದಾರೆ. ಅಷ್ಟರಲ್ಲಿ ಬ್ರಬಾನ್ಷಿಯೊ ಅನ್ನೋ ದೊಡ್ಡ ಮನುಷ್ಯ ಗೋಳಾಡುತ್ತಾ ಬರುತ್ತಾನೆ. ‘ಅಯ್ಯೋ ನನ್ನ ಮಗಳು!’ ಯಾಕೆ, ಸತ್ತಳಾ ಅಂತ ಕೇಳುತ್ತಾರೆ. ಹೌದು, ನನ್ನ ಪಾಲಿಗೆ ಸತ್ತ ಹಾಗೇ ಅನ್ನುತ್ತಾನೆ. ಯಾರೋ ಅವಳಿಗೆ ಮಾಟ ಮಾಡಿಸಿದ್ದಾನೆ, ಮದ್ದು ಹಾಕಿದ್ದಾನೆ, ಇಲ್ಲದಿದ್ದರೆ ಕಣ್ಣು ಮೂಗು ನೆಟ್ಟಗಿರೋ ಹುಡುಗಿ ಹೀಗೆ ಮನೆ ಬಿಟ್ಟು ಅವನ ಜೊತೆ ಹೋಗುತ್ತಿದ್ದಳಾ ಅನ್ನೋದು ಅವನ ವಾದ. ನಮ್ಮೂರಲ್ಲಾಗಿದ್ದರೆ ‘ಕೈಮದ್ದು’ ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದರು.

ಡ್ಯೂಕ್‌ಗೆ ಸಿಟ್ಟು ಬರುತ್ತದೆ. ಯಾರೇ ಆಗಿರಲಿ, ನಿನ್ನ ಮಗಳನ್ನು ಹೀಗೆ ಮಾಡಿದವನಿಗೆ ಕಾನೂನಿನ ಬಿಸಿ ನೀನೇ ಮುಟ್ಟಿಸು ಅನ್ನುತ್ತಾನೆ. ಆ ‘ಹೀಗೆ ಮಾಡಿದ’ ಅನ್ನೋ ಜಾಗದಲ್ಲಿ ಶೇಕ್ಸ್‌ಪಿಯರ್ ಇಟ್ಟಿರೋ ಇಂಗ್ಲಿಷ್ ಪದ ಬಿಗೈಲ್ಡ್ (beguiled). ಅವನು ನಿನ್ನ ಮಗಳಿಂದ ಅವಳನ್ನೇ ಬಿಗೈಲ್ ಮಾಡಿದ, ನಿನ್ನಿಂದ ಅವಳನ್ನು ಬಿಗೈಲ್ ಮಾಡಿದ. ಆರೋಪಿ ಯಾರು ಅಂತ ಡ್ಯೂಕ್‌ಗೆ ಇನ್ನೂ ಗೊತ್ತಿಲ್ಲ. ಸೈಪ್ರಸ್‌ಗೆ ಕಳಿಸೋಕೆ ಅಂತ ಅವನೇ ಕರೆಸಿಕೊಂಡ ಸೇನಾಪತಿ ಒಥೆಲೊನೇ ಆ ಆರೋಪಿ.

ಒಥೆಲೊ ಎದ್ದು ತನ್ನ ಮಾತು ಹೇಳುತ್ತಾನೆ. ಈ ಬ್ರಬಾನ್ಷಿಯೊನೇ ನನ್ನನ್ನು ಮನೆಗೆ ಕರೆಯುತ್ತಿದ್ದ. ನನ್ನ ಕಥೆ ಕೇಳುತ್ತಿದ್ದ. ನಾನು ಯುದ್ಧ, ಸಮುದ್ರ, ಸೆರೆ ಸಿಕ್ಕಿದ್ದು, ಬಿಡಿಸಿಕೊಂಡಿದ್ದು ಎಲ್ಲ ಹೇಳುತ್ತಿದ್ದೆ. ಇವನ ಮಗಳು ಡೆಸ್ಡಿಮೋನ ಮನೆಗೆಲಸ ಬೇಗ ಬೇಗ ಮುಗಿಸಿ ಬಂದು ಕೂತು ಕೇಳುತ್ತಿದ್ದಳು. ನನ್ನ ಚಿಕ್ಕ ವಯಸ್ಸಿನ ಕಷ್ಟ ಹೇಳುವಾಗ ‘ಆಫನ್ ಡಿಡ್ ಬಿಗೈಲ್ ಹರ್ ಆಫ್ ಹರ್ ಟಿಯರ್ಸ್’. ಅವಳ ಕಣ್ಣೀರನ್ನು ಅವಳಿಂದ ಬಿಗೈಲ್ ಮಾಡಿದೆ.

ಅದೇ ಪದ! ಅಪ್ಪನ ಪರವಾಗಿ ದೂರು ಹೇಳೋಕೆ ಬಳಸಿದ ಪದವನ್ನೇ ಈ ಮನುಷ್ಯ ಎತ್ತಿಕೊಂಡು ತನ್ನ ಪ್ರೀತಿ ಹೇಳೋಕೆ ಬಳಸುತ್ತಾನೆ. ಡ್ಯೂಕ್ ಕರಗಿಹೋಗುತ್ತಾನೆ. ಈ ಕಥೆ ಕೇಳಿದರೆ ನನ್ನ ಮಗಳೂ ಒಲಿಯುತ್ತಿದ್ದಳು ಅಂತಾನೆ. ಆಮೇಲೆ ಅಪ್ಪನನ್ನು ಸಮಾಧಾನ ಮಾಡೋಕೆ ನಾಲ್ಕು ಪ್ರಾಸದ ಬುದ್ಧಿಮಾತು ಉದುರಿಸುತ್ತಾನೆ. ಕಳೆದುಕೊಂಡವನು ನಗುತ್ತಾ ಇದ್ದರೆ ಕಳ್ಳನಿಂದಲೇ ಏನನ್ನೋ ಕದ್ದ ಹಾಗೆ, ಈ ಧಾಟಿ. ಬ್ರಬಾನ್ಷಿಯೊ ಸುಮ್ಮನಿರುತ್ತಾನಾ? ಹಾಗಾದ್ರೆ ತುರ್ಕರು ನಮ್ಮಿಂದ ಸೈಪ್ರಸ್ ಬಿಗೈಲ್ ಮಾಡಿಕೊಳ್ಳಲಿ ಬಿಡಿ, ನಾವು ನಗುತ್ತಾ ಇದ್ದರೆ ಕಳೆದುಕೊಂಡ ಹಾಗೇ ಅಲ್ವಲ್ಲ ಅಂತ ತಿರುಗೇಟು ಕೊಡುತ್ತಾನೆ. ಇದು ಮೂರನೇ ಸಲ. ಒಂದೇ ದೃಶ್ಯ, ಒಂದೇ ಪದ, ಮೂರು ಬಾಯಿ. ಒಬ್ಬನಿಗೆ ಅಪರಾಧ, ಒಬ್ಬನಿಗೆ ಪ್ರಣಯ, ಒಬ್ಬನಿಗೆ ವ್ಯಂಗ್ಯ.

ನಾನು ಬಿ.ಎ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಳು. ಹೆಚ್ಚಿನವರು ಕನ್ನಡ ಮೀಡಿಯಮ್‌ನಿಂದ ಬಂದವರು. ಈ ದೃಶ್ಯ ಮುಗಿಸಿದಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ. ‘ಮೇಡಂ, ಬಿಗೈಲ್ ಒಳ್ಳೇದಾ ಕೆಟ್ಟದ್ದಾ?’ ಒಬ್ಬಳು ಮೊಬೈಲ್ ನಿಘಂಟು ನೋಡಿ ‘ವಂಚಿಸು’ ಅಂತಾಳೆ. ಪಕ್ಕದವಳು ಇನ್ನೊಂದು ಆ್ಯಪ್ ತೆಗೆದು ‘ಮನಸೆಳೆ’ ಅಂತಾಳೆ. ಮೂರನೆಯವನಿಗೆ ‘ಹೊತ್ತು ಕಳೆ’ ಸಿಕ್ಕಿರುತ್ತದೆ. ಮೂರೂ ಸರಿ. ಅದಕ್ಕೇ ತಲೆ ಕೆಡೋದು.

ನಾನು ಅವರಿಗೆ ಹೇಳೋದು ಇಷ್ಟು. ಅರ್ಥ ಆಮೇಲೆ ಹುಡುಕೋಣ, ಮೊದಲು ಆ ಚಿಕ್ಕ ‘ಆಫ್’ ನೋಡಿ. ಹರ್ ಆಫ್ ಹರ್ ಟಿಯರ್ಸ್. ಯಾರಿಂದ, ಏನನ್ನು. ಈ ಕ್ರಿಯಾಪದದಲ್ಲಿ ಯಾವಾಗಲೂ ಏನೋ ಒಂದು ಒಬ್ಬರ ಕೈಯಿಂದ ಜಾರಿಹೋಗುತ್ತದೆ. ಮಗಳು, ಕಣ್ಣೀರು, ದ್ವೀಪ, ದುಡ್ಡು, ಹೊತ್ತು. ಜಾರೋ ಆ ಗಳಿಗೆ ಮಾತ್ರ ಹಿತವಾಗಿರುತ್ತದೆ. ಹಿತವಾಗಿರೋದರಿಂದಲೇ ಜಾರಿದ್ದು ಗೊತ್ತಾಗಲ್ಲ. ಜಾರಿದ್ದು ಏನು, ಅದನ್ನು ಹೇಳುತ್ತಿರೋರು ಯಾರು ಅಂತ ನೋಡಿದರೆ ಒಳ್ಳೇದಾ ಕೆಟ್ಟದ್ದಾ ಅನ್ನೋದು ತಾನಾಗೇ ಬಿಡಿಸಿಕೊಳ್ಳುತ್ತದೆ.

ಇಲ್ಲೊಂದು ಸಣ್ಣ ಎಡವಟ್ಟು ಇದೆ, ಮಕ್ಕಳು ಪ್ರತಿ ಸಲ ಬೀಳುತ್ತಾರೆ. ಒಥೆಲೊ ಅವಳ ಕಣ್ಣೀರು ಒರೆಸಿದ ಅಂತ ಬರೆಯುತ್ತಾರೆ. ಅಲ್ಲ. ಅವಳ ಕಣ್ಣಲ್ಲಿ ನೀರು ತರಿಸಿದ. ಅವಳು ಕೊಡೋಕೆ ಅಂತ ಕೂತಿರಲಿಲ್ಲ, ಇವನ ಮಾತು ಕೇಳುತ್ತಾ ಕೇಳುತ್ತಾ ಅವಳಿಗೇ ತಿಳಿಯದ ಹಾಗೆ ಕೊಟ್ಟುಬಿಟ್ಟಳು.

ಪದದ ಹುಟ್ಟು ನೋಡಿದರೆ ಇದು ಹುಟ್ಟಾ ಕಳ್ಳ. ‘ಗೈಲ್’ ಅಂದರೆ ಕಪಟ, ಒಳಗೊಂದು ಹೊರಗೊಂದು. ಹಳೆಯ ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದದ್ದು. ಅದಕ್ಕೆ ಮುಂದೆ ‘ಬಿ’ ಸೇರಿಸಿ ಕ್ರಿಯಾಪದ ಮಾಡಿದ್ದಾರೆ, ವಿಚ್‌ನಿಂದ ಬಿವಿಚ್, ಫ್ರೆಂಡ್‌ನಿಂದ ಬಿಫ್ರೆಂಡ್ ಆದ ಹಾಗೆ. ಒತ್ತು ‘ಗೈಲ್’ ಮೇಲೆ. ಇದಕ್ಕೊಬ್ಬ ದಾಯಾದಿ ಇದ್ದಾನೆ, ‘ವೈಲ್’ ಅಂತ, ಅವನೂ ಕಪಟಿಯೇ. ಎರಡರ ಬೇರೂ ಬಹುಶಃ ಒಂದೇ. ಒಂದೇ ಜರ್ಮನ್ ಮೂಲದ ಪದ ಫ್ರೆಂಚರ ಬಾಯಲ್ಲಿ ಒಂದು ತರ, ಅಕ್ಕಪಕ್ಕದವರ ಬಾಯಲ್ಲಿ ಇನ್ನೊಂದು ತರ ಆಗಿ, ಎರಡೂ ಇಂಗ್ಲಿಷ್ ಸೇರಿದ್ದುಂಟು. ಗ್ಯಾರಂಟಿ, ವಾರಂಟಿ ಹೀಗೇ ಆದ ಅವಳಿಜವಳಿ. ಮಿಕ್ಸಿ ತಗೊಳ್ಳುವಾಗ ಎರಡಕ್ಕೂ ವ್ಯತ್ಯಾಸ ಏನು ಅಂತ ಅಂಗಡಿಯವನ ಜೊತೆ ಜಗಳ ಆಡೋರು ಇದನ್ನು ನೆನಪಿಟ್ಟುಕೊಳ್ಳಬಹುದು.

ಶೇಕ್ಸ್‌ಪಿಯರ್ ಕಾಲದವರಿಗೆ ಈ ಪದ ಕೇಳಿದ ಕೂಡಲೇ ಹಾವು ನೆನಪಾಗುತ್ತಿದ್ದಿರಬೇಕು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಬೇಡ ಅಂದ ಹಣ್ಣು ತಿಂದ ಮೊದಲ ಹೆಣ್ಣು ಹವ್ವಳನ್ನು ದೇವರು ಇದೇನು ಮಾಡಿದೆ ಅಂತ ಕೇಳಿದಾಗ ಅವಳು ಹೇಳೋದು, ಸರ್ಪ ನನ್ನನ್ನು ಬಿಗೈಲ್ ಮಾಡಿತು, ನಾನು ತಿಂದೆ ಅಂತ. ಆದರೆ ಆ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟ ಹಾವಿನ ಕಥೆ ಅಲ್ಲ. ಅದೇ ಆದಿಕಾಂಡದ 29ನೇ ಅಧ್ಯಾಯ, ಯಾಕೋಬನ ಮದುವೆ.

ಯಾಕೋಬ ಅಪ್ಪನಿಗೆ ಮೋಸ ಮಾಡಿ ಮನೆ ಬಿಟ್ಟು ಬಂದವನು. ಅಪ್ಪ ಇಸಾಕನಿಗೆ ಕಣ್ಣು ಮಂಜು. ಅಣ್ಣ ಏಸಾವನ ಮೈಯಲ್ಲಿ ಕೂದಲು ಜಾಸ್ತಿ. ಇವನು ಕೈಗೆ, ಕತ್ತಿಗೆ ಆಡಿನ ಚರ್ಮ ಸುತ್ತಿಕೊಂಡು, ಅಣ್ಣನ ಬಟ್ಟೆ ತೊಟ್ಟು, ರುಚಿಯಾದ ಮಾಂಸದಡುಗೆ ಹಿಡಿದು ಹೋಗಿ ಅಣ್ಣನಿಗೆ ಸೇರಬೇಕಾದ ಆಶೀರ್ವಾದ ಹೊಡೆದುಕೊಂಡ. ಆಮೇಲೆ ಸೋದರಮಾವ ಲಾಬಾನನ ಊರಿಗೆ ಬಂದ. ಮಾವನ ಕಿರಿಮಗಳು ರಾಹೇಲಳ ಮೇಲೆ ಮನಸ್ಸಾಯಿತು. ಏಳು ವರ್ಷ ದುಡಿ, ಕೊಡ್ತೀನಿ ಅಂದ ಮಾವ. ದುಡಿದ. ಅವಳ ಮೇಲಿನ ಪ್ರೀತಿಯಲ್ಲಿ ಆ ಏಳು ವರ್ಷ ಅವನಿಗೆ ನಾಲ್ಕು ದಿನ ಕಳೆದ ಹಾಗಿತ್ತು ಅಂತ ಬರೆದಿದೆ. ಮದುವೆ ಆಯಿತು, ರಾತ್ರಿ ಹೆಣ್ಣನ್ನು ಒಳಗೆ ಕಳಿಸಿದರು. ಬೆಳಗಾಗಿ ನೋಡಿದರೆ ರಾಹೇಲ ಅಲ್ಲ, ಅಕ್ಕ ಲೇಯ! ಯಾಕೋಬ ಮಾವನ ಹತ್ತಿರ ಹೋಗಿ ಕೇಳುತ್ತಾನೆ. ಯಾಕೆ ನನ್ನನ್ನು ಬಿಗೈಲ್ ಮಾಡಿದೆ? ಮಾವನ ಉತ್ತರ ಥೇಟ್ ನಮ್ಮ ಹಳ್ಳಿ ಯಜಮಾನರದ್ದು. ಹಿರಿಯವಳು ಇರುವಾಗ ಕಿರಿಯವಳನ್ನು ಕೊಡೋ ಪದ್ಧತಿ ನಮ್ಮಲ್ಲಿಲ್ಲಪ್ಪ.

ಏಳು ವರ್ಷ ಹೋಗಿದ್ದೇ ತಿಳಿಯಲಿಲ್ಲ ಅನ್ನೋದು ಇಪ್ಪತ್ತನೇ ವಚನದಲ್ಲಿ. ಬಿಗೈಲ್ ಅನ್ನೋ ದೂರು ಇಪ್ಪತ್ತೈದನೇ ವಚನದಲ್ಲಿ. ಎರಡೂ ಒಂದೇ ಏಳು ವರ್ಷದ ಮಾತು. ಲೇಯಳನ್ನು ನೋಡೋ ತನಕ ಅದು ಸುಖವಾದ ಕಾಲ, ನೋಡಿದ ಮೇಲೆ ಕಳುವಾದ ಕಾಲ. ಸ್ವತಃ ಅಪ್ಪನ ಕುರುಡಿನಲ್ಲಿ ಆಟ ಆಡಿದವನಿಗೆ ಮಾವ ಕತ್ತಲಲ್ಲಿ ಆಟ ಆಡಿದ್ದು ನೋಡಿ ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ. ಯಾಕೋಬನ ಮೇಲೆ ಯಾರಿಗೂ ಕನಿಕರ ಬರಲ್ಲ. ಲೇಯಳ ಪಾಡೇನು ಅಂತ ಹುಡುಗಿಯರು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

‘ಬಿಗೈಲ್ ದ ಟೈಮ್’ ಅನ್ನೋ ಬಳಕೆ ಬಂದಿರೋದೂ ಇದೇ ದಾರಿಯಲ್ಲಿ. ಹೊತ್ತಿಗೆ ಮಂಕುಬೂದಿ ಎರಚಿ ಸದ್ದಿಲ್ಲದೆ ಸಾಗಹಾಕೋದು. ಶೇಕ್ಸ್‌ಪಿಯರ್‌ನದೇ ‘ಹನ್ನೆರಡನೇ ರಾತ್ರಿ’ (ಟ್ವೆಲ್ಫ್ತ್ ನೈಟ್) ನಾಟಕದಲ್ಲಿ ಅಂಟೋನಿಯೊ ಗೆಳೆಯ ಸೆಬಾಸ್ಟಿಯನ್‌ಗೆ ಹೇಳುತ್ತಾನೆ, ನಾನು ಊಟಕ್ಕೆ ಹೇಳಿರ್ತೀನಿ, ನೀನು ಅಷ್ಟು ಹೊತ್ತು ಊರು ನೋಡ್ಕೊಂಡು ಹೊತ್ತು ಕಳಿ ಅಂತ. ಕೈಗೆ ತನ್ನ ಹಣದ ಚೀಲವನ್ನೂ ಕೊಡುತ್ತಾನೆ, ಏನಾದರೂ ಕಣ್ಣಿಗೆ ಬಿದ್ದರೆ ತಗೋ ಅಂತ. ಎಂಥ ಪ್ರೀತಿ. ಆದರೆ ಮ್ಯಾಕ್‌ಬೆತ್ ನಾಟಕದಲ್ಲಿ ಹೆಂಡತಿ ಗಂಡನಿಗೆ ಹೇಳುವಾಗಲೂ ಇವೇ ಮೂರು ಪದ. ಬಿಗೈಲ್ ದ ಟೈಮ್. ಅಲ್ಲಿ ಟೈಮ್ ಅಂದರೆ ಗಡಿಯಾರದ ಹೊತ್ತಲ್ಲ, ಸುತ್ತಲಿನ ಜನ. ಜನಕ್ಕೆ ಮಣ್ಣೆರಚಬೇಕಾದರೆ ಜನದ ಹಾಗೇ ಕಾಣಿಸಿಕೋ. ಕಣ್ಣಲ್ಲಿ, ಕೈಯಲ್ಲಿ, ನಾಲಿಗೆಯಲ್ಲಿ ಸ್ವಾಗತ ಇರಲಿ. ಮೇಲೆ ಮುಗ್ಧ ಹೂವು, ಅಡಿಯಲ್ಲಿ ಹಾವು. ನೋಡಿ, ಹಾವು ಮತ್ತೆ ಬಂತು! ಮನೆಗೆ ಬರೋ ಅತಿಥಿ ದೊರೆ, ರಾತ್ರಿ ಅವನನ್ನು ಕೊಲ್ಲಬೇಕು. ಒಂದು ನಾಟಕದಲ್ಲಿ ಊರು ಸುತ್ತೋ ಹುಡುಗನಿಗೆ ಹೇಳಿದ ಮಾತು ಇನ್ನೊಂದರಲ್ಲಿ ಕೊಲೆಗಾರನಿಗೆ ಪಾಠ. ಎರಡು ನಾಟಕಗಳ ನಡುವೆ ಹೆಚ್ಚು ವರ್ಷಗಳೂ ಇಲ್ಲ.

ಹೊತ್ತು ಕಳೆಯೋ ಅರ್ಥ ನಮಗೆ ಸಲೀಸಾಗಿ ಬರಬೇಕು. ‘ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ’ ಅಂತ ನಾವು ಹೊಗಳೋಕೆ ಹೇಳುತ್ತೇವೆ. ಮದುವೆ ಮನೆಯಲ್ಲಿ ಹಳೇ ಗೆಳತಿ ಸಿಕ್ಕರೆ ಹೇಳುತ್ತೇವೆ. ರಾತ್ರಿ ಹನ್ನೊಂದಕ್ಕೆ ಐದು ನಿಮಿಷ ಅಂತ ರೀಲ್ಸ್ ಹಿಡಿದು ಒಂದು ಗಂಟೆ ಆದಾಗಲೂ ಅದೇ ಮಾತು, ಆದರೆ ಆಗ ಮುಖ ಸಪ್ಪಗಿರುತ್ತದೆ.

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವಳು. ಹಾಗಾಗಿ ಬಿಗೈಲ್ ಅಂದ ತಕ್ಷಣ ನನಗೆ ಕಣ್ಣಿಗೆ ಕಟ್ಟೋದು ಭಸ್ಮಾಸುರ ಮೋಹಿನಿ ಪ್ರಸಂಗ. ಕಥೆ ಎಲ್ಲರಿಗೂ ಗೊತ್ತು. ಯಾರ ತಲೆ ಮೇಲೆ ಕೈ ಇಟ್ಟರೆ ಅವರು ಬೂದಿ ಅನ್ನೋ ವರ ಶಿವನಿಂದ ಪಡೆದು ಅವನ ತಲೆ ಮೇಲೇ ಕೈ ಇಡೋಕೆ ಹೊರಡುತ್ತಾನೆ ಅಸುರ. ವಿಷ್ಣು ಮೋಹಿನಿಯಾಗಿ ಬರುತ್ತಾನೆ. ನನ್ನ ಹಾಗೇ ಕುಣಿದರೆ ನಿನ್ನವಳು ಅನ್ನುತ್ತಾಳೆ. ಒಳ್ಳೇ ವೇಷಧಾರಿ ಸಿಕ್ಕರೆ ಈ ಕುಣಿತ ನೋಡಬೇಕು. ಮೊದಲು ಅಸುರ ಹೆಜ್ಜೆ ತಪ್ಪುತ್ತಾನೆ, ಜನ ನಗುತ್ತಾರೆ. ಮೋಹಿನಿ ನಿಂತು ಸಾವಕಾಶವಾಗಿ ತೋರಿಸಿಕೊಡುತ್ತಾಳೆ. ಸೊಂಟಕ್ಕೆ ಕೈ, ಇವನೂ ಸೊಂಟಕ್ಕೆ. ಗಲ್ಲಕ್ಕೆ ಬೆರಳು, ಇವನೂ ಗಲ್ಲಕ್ಕೆ. ಆ ದೊಡ್ಡ ಕಿರೀಟ, ಕೆಂಪು ಬಳಿದ ಮುಖ, ನಾಚಿಕೆಯಿಂದ ಓರೆಯಾಗೋ ಕುತ್ತಿಗೆ. ಚಂಡೆ ಏರುತ್ತದೆ. ಆ ಗಳಿಗೆಯಲ್ಲಿ ಅಸುರನಷ್ಟು ಖುಷಿಯಾಗಿರೋರು ಇಡೀ ಗದ್ದೆಯಲ್ಲಿ ಯಾರೂ ಇರಲ್ಲ. ಮೋಹಿನಿ ಕೈ ತಲೆಗೆ ಹೋಗುತ್ತದೆ. ಇವನದೂ ಹೋಗುತ್ತದೆ.

ಮೋಹಿನಿ ಒಂದು ಸುಳ್ಳನ್ನಾದರೂ ಹೇಳಿದಳಾ? ಹೆಣ್ಣಿನ ವೇಷ ಬಿಟ್ಟರೆ ಬೇರೇನಿಲ್ಲ. ಮುಟ್ಟಲೂ ಇಲ್ಲ. ಅವನ ಕೈಯನ್ನು ಅವನೇ ಎತ್ತಿದ. ಇದು ಬಿಗೈಲ್‌ಗೂ ಡಿಸೀವ್‌ಗೂ ಇರೋ ಅಂತರ. ಡಿಸೀವ್ ಅನ್ನೋದಕ್ಕೆ ಸುಳ್ಳು ಬೇಕು. ಚೀಟ್ ಅನ್ನೋದಕ್ಕೆ ನಷ್ಟ ಆಗಬೇಕು. ಬಿಗೈಲ್‌ಗೆ ಸುಳ್ಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಿಕ್ಕಿಬಿದ್ದವರಿಗೆ ಆ ಹೊತ್ತಿನಲ್ಲಿ ಸಂತೋಷ ಆಗಿರಬೇಕು, ಅಷ್ಟೇ. ಬೆದರಿಸಿ ದುಡ್ಡು ಕಿತ್ತುಕೊಂಡವನಿಗೆ ಈ ಪದ ಹಾಕೋಕೇ ಆಗಲ್ಲ. ಫೋನಿನಲ್ಲಿ ಪೊಲೀಸ್ ಅಂತ ಹೇಳಿ ಹೆದರಿಸಿ ಅಕೌಂಟ್ ಖಾಲಿ ಮಾಡೋರು ಬಿಗೈಲ್ ಮಾಡುತ್ತಿಲ್ಲ. ಅದು ಬರೀ ದರೋಡೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಒಳ್ಳೇ ಸೀರೆ ಅಂಗಡಿಗೆ ಹೋಗಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನ ಓರಗಿತ್ತಿ ಜೊತೆ ಹೋಗಿದ್ದೆ. ಅವಳಿಗೆ ಬೇಕಾಗಿದ್ದು ಒಂದು ಬ್ಲೌಸ್ ಪೀಸ್. ಅಂಗಡಿಯವರು ವಯಸ್ಸಾದವರು, ಗದ್ದಿಗೆ ಮೇಲೆ ಕಾಲು ಮಡಚಿ ಕೂತಿದ್ದರು. ‘ಬ್ಲೌಸ್ ಪೀಸ್ ಕೊಡೋಣ ಅಕ್ಕ, ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ, ಬಿಸಿಲಲ್ಲಿ.’ ಹುಡುಗನಿಗೆ ಕಣ್ಣಲ್ಲೇ ಸನ್ನೆ, ಸಣ್ಣ ಲೋಟದಲ್ಲಿ ಕಾಫಿ ಬಂತು. ಕಾಫಿ ಕೈಯಲ್ಲಿದ್ದರೆ ಏಳೋಕಾಗಲ್ಲ. ಇವಳು ಸೀರೆ ಬೇಡ ಅಂದಳು. ‘ಯಾರು ತಗೊಳ್ಳಿ ಅಂದ್ರು? ಸುಮ್ನೆ ನೋಡಿ. ನೋಡೋಕೇನು ದುಡ್ಡಾ?’ ಒಂದು ಸೀರೆಯನ್ನು ಬಿಚ್ಚಿ ಎಸೆದರು ನೋಡಿ, ಬಿಳಿ ಹಾಸಿನ ಮೇಲೆ ತುದಿ ತನಕ ಬಿಚ್ಚಿಕೊಂಡು ಹೋಗಿ ಸೆರಗು ಸರಿಯಾಗಿ ಅವಳ ಮೊಣಕಾಲ ಹತ್ತಿರ ಬಂದು ನಿಂತಿತು. ‘ಇದು ನಿಮಗಲ್ಲ ಅಕ್ಕ, ನಿಮ್ಮ ಬಣ್ಣಕ್ಕೆ ಇದು ಸಾಲಲ್ಲ’ ಅಂತ ತಾವೇ ಮಡಚಿ ಪಕ್ಕಕ್ಕಿಟ್ಟರು. ಎರಡನೇದನ್ನೂ ತಾವೇ ಬೇಡ ಅಂದರು. ಮೂರನೇದನ್ನು ಬಿಚ್ಚಿ ಏನೂ ಹೇಳಲಿಲ್ಲ. ಸೆರಗನ್ನು ತಮ್ಮ ಹೆಗಲ ಮೇಲೇ ಹಾಕಿಕೊಂಡು, ಬೆರಳಲ್ಲಿ ನೆರಿಗೆ ಹಿಡಿದು, ಸುಮ್ಮನೆ ಕೂತರು. ಇವಳ ಕೈ ತಾನಾಗೇ ಹೋಯಿತು.

ಆ ಮನುಷ್ಯ ಒಂದೂ ಸುಳ್ಳು ಹೇಳಲಿಲ್ಲ. ರೇಟೂ ಸರಿಯಾಗೇ ಇತ್ತು, ಸೀರೆಯೂ ಚೆನ್ನಾಗಿದೆ, ಅವಳಿಗೆ ಒಪ್ಪುತ್ತದೆ ಕೂಡ. ಮನೆಗೆ ಬಂದ ಮೇಲೆ ಅವಳ ಗಂಡ, ಅಂದರೆ ನಮ್ಮನೆಯವರ ತಮ್ಮ, ‘ಚೆನ್ನಾಗಿ ಟೋಪಿ ಹಾಕಿದಾನೆ’ ಅಂದ. ಇವಳು ‘ಏನಿಲ್ಲ, ಎಷ್ಟು ಪ್ರೀತಿಯಿಂದ ತೋರಿಸಿದ್ರು ಗೊತ್ತಾ’ ಅಂದಳು. ವೆನಿಸ್ಸಿನ ಸಭೆ ನಮ್ಮ ಜಗಲಿಗೇ ಬಂದಿತ್ತು. ಅಂದಹಾಗೆ ಬ್ಲೌಸ್ ಪೀಸ್ ತರೋದು ಮರೆತಿತ್ತು.

ಮಕ್ಕಳನ್ನು ಸಾಕಿದವರಿಗೆ ಈ ಪದದ ಒಳ್ಳೇ ಮುಖ ಚೆನ್ನಾಗಿ ಗೊತ್ತು. ನಾವು ಅದಕ್ಕೆ ರಮಿಸೋದು ಅನ್ನುತ್ತೇವೆ. ‘ಅಲ್ನೋಡು ಕಾಗೆ’ ಅಂದಾಗ ತೆರೆದ ಬಾಯಿಗೆ ತುತ್ತು ಹೋಗಿರುತ್ತದೆ. ಸೂಜಿ ಚುಚ್ಚೋ ನರ್ಸಮ್ಮ ಶರ್ಟಿನ ಮೇಲಿನ ಆನೆ ಬಗ್ಗೆ ಮಾತು ತೆಗೆದಿರುತ್ತಾರೆ. ಪುಸಲಾಯಿಸೋದು ಅಂತಲೂ ಇದೆ, ಆದರೆ ಪೇಪರಿನ ಅಪರಾಧ ಸುದ್ದಿಗಳಲ್ಲೇ ಅದು ಜಾಸ್ತಿ ಓಡಾಡಿ ಹೆಸರು ಕೆಡಿಸಿಕೊಂಡಿದೆ. ಅಜ್ಜಿ ಪುಸಲಾಯಿಸಿ ಊಟ ಮಾಡಿಸಿದಳು ಅಂದರೆ ಈಗ ಕೇಳೋಕೆ ಒಂಥರಾ ಆಗುತ್ತದೆ. ಇಂಗ್ಲಿಷಿನಲ್ಲಿ ಬಿಗೈಲ್‌ಗೆ ಇದರ ಉಲ್ಟಾ ಆಯಿತು. ಕಳ್ಳನಾಗಿ ಹುಟ್ಟಿದ್ದು ಬರಬರುತ್ತಾ ಸಭ್ಯಸ್ಥನಾಯಿತು. ಈಚಿನ ಬೈಬಲ್ ಅನುವಾದಗಳಲ್ಲಿ ಅನೇಕರು ಹಾವಿನ ಜಾಗದಿಂದ ಅದನ್ನು ತೆಗೆದು ಡಿಸೀವ್ಡ್ ಅಂತ ಹಾಕಿದ್ದಾರೆ. ಕೆಲಸ ಕಳೆದುಕೊಂಡ ಬಿಗೈಲ್ ಪ್ರವಾಸದ ಜಾಹೀರಾತುಗಳಿಗೆ ಸೇರಿಕೊಂಡಿದೆ. ಬಿಗೈಲಿಂಗ್ ಬೆಟ್ಟ, ಬಿಗೈಲಿಂಗ್ ನಗು, ಬಿಗೈಲಿಂಗ್ ಸಂಗೀತ. ನನಗೆ ಈ ‘ಇಂಗ್’ ರೂಪ ಕಂಡರೆ ಅಷ್ಟಕ್ಕಷ್ಟೆ. ಹಲ್ಲು ಕಿತ್ತ ಹಾವು ಅದು. ಸುಂದರ ಅಂತ ಬರೆಯೋಕೆ ಬೇಜಾರಾದವರು ಬಿಗೈಲಿಂಗ್ ಅಂತ ಬರೆಯುತ್ತಾರೆ.

ಬರೆಯೋ ಮಕ್ಕಳಿಗೆ ಎರಡು ಮಾತು. ದುಡ್ಡನ್ನು ಬಿಗೈಲ್ ಮಾಡೋಕಾಗಲ್ಲ. ‘ಹಿ ಬಿಗೈಲ್ಡ್ ಮೈ ಮನಿ’ ಅಂತ ಬರೆಯಬೇಡಿ. ಮೊದಲು ಮನುಷ್ಯ, ಆಮೇಲೆ ‘ಆಫ್’ ಅಥವಾ ‘ಔಟ್ ಆಫ್’, ಆಮೇಲೆ ದುಡ್ಡು. ಏನಾದರೂ ಕೆಲಸ ಮಾಡೋ ಹಾಗೆ ಮರುಳು ಮಾಡಿದರೆ ‘ಇನ್‌ಟು’. ಹೊತ್ತಿಗೆ ಮಾತ್ರ ನೇರವಾಗಿ ಹಾಕಬಹುದು. ಇನ್ನು ಪೊಲೀಸ್ ಕಂಪ್ಲೇಂಟಿನಲ್ಲಿ, ಆಫೀಸ್ ಮೇಲ್‌ನಲ್ಲಿ ಈ ಪದ ಬೇಡವೇ ಬೇಡ. ಅಲ್ಲಿ ಚೀಟಿಂಗ್ ಅನ್ನೋದಕ್ಕೆ ಸೆಕ್ಷನ್ ಇದೆ. 2024ರ ಜುಲೈವರೆಗೂ ಅದು 420 ಆಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 318. ಜನರ ಬಾಯಲ್ಲಿ ಮಾತ್ರ ಕಳ್ಳ ಇನ್ನೂ ಫೋರ್ ಟ್ವೆಂಟಿಯೇ. ಮುನ್ನೂರ ಹದಿನೆಂಟು ಅಂತ ಬೈದರೆ ಯಾರಿಗೆ ತಾಗುತ್ತೆ ಹೇಳಿ.

ಹೋದ ಸೆಮಿಸ್ಟರಿನ ಇಂಟರ್ನಲ್ಸ್‌ನಲ್ಲಿ ಈ ಪದ ಬಳಸಿ ಒಂದು ವಾಕ್ಯ ಬರೆಯಿರಿ ಅಂತ ಕೊಟ್ಟಿದ್ದೆ. ಹೆಚ್ಚಿನವರು ಹಾವು, ಹವ್ವ ಬರೆದರು. ಒಬ್ಬ ಹುಡುಗ ಬರೆದದ್ದು ಇದು. ‘ಮೈ ಗ್ರ್ಯಾಂಡ್‌ಮದರ್ ಬಿಗೈಲ್ಡ್ ಮಿ ಆಫ್ ಮೈ ಆ್ಯಂಗರ್ ವಿತ್ ಹಾಟ್ ಕಡುಬು.’ ಬಿಸಿ ಕಡುಬು ಕೊಟ್ಟು ಅಜ್ಜಿ ನನ್ನ ಸಿಟ್ಟನ್ನು ನನಗೇ ಗೊತ್ತಾಗದ ಹಾಗೆ ಇಳಿಸಿಬಿಟ್ಟಳು. ನಾನು ಪೂರ್ತಿ ಎರಡು ಮಾರ್ಕ್ಸ್ ಕೊಟ್ಟೆ. ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ಇಣುಕಿ ನೋಡಿ ‘ಇದು ಹೇಗೆ ಸರಿಯಾಗುತ್ತೆ ಮೇಡಂ? ದುಡ್ಡನ್ನೋ ಆಸ್ತಿನೋ ಕಳ್ಕೋಬೇಕಲ್ವಾ, ಸಿಟ್ಟು ಕಳ್ಕೊಂಡ್ರೆ ಅದು ಬಿಗೈಲ್ ಆಗುತ್ತಾ?’ ಅಂದರು. ಒಥೆಲೊ ತೆಗೆದು ಕಣ್ಣೀರಿನ ಸಾಲು ತೋರಿಸಿದೆ. ಕನ್ನಡಕ ಏರಿಸಿ ಓದಿದರು.

‘ಅದು ಶೇಕ್ಸ್‌ಪಿಯರ್ ಬರೆದಿರೋದು ಮೇಡಂ. ಇವನಿನ್ನೂ ಸೆಕೆಂಡ್ ಸೆಮ್.’